ಮೂರು ವೋಲ್ಟಿನ ನೆನಪು

ಕಳೆದ ದಸರಾಕ್ಕೆ ಸಾಗರದ ಮನೆಗೆ ಹೋದಾಗ ಸುಣ್ಣಬಣ್ಣದ ಕೆಲಸ ನಡೆದಿತ್ತು. ಅಟ್ಟದ ಸಾಮಾನೆಲ್ಲ ಜಗಲಿಗೆ ಇಳಿದಿತ್ತು. ಹಳೆಯ ಪಂಚಾಂಗಗಳು, ತಳ ಹೋದ ಹಂಡೆ, ಅಪ್ಪನ ಎಚ್‌ಎಂಟಿ ವಾಚಿನ ಖಾಲಿ ಪೆಟ್ಟಿಗೆ, ಇವುಗಳ ನಡುವೆ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹಳೆ ಬನಿಯನ್ನಿನಲ್ಲಿ ಸುತ್ತಿಟ್ಟ ಗೇಮ್ ಬಾಯ್ ಕಲರ್, ಜೊತೆಗೆ ಎರಡು ಕಾರ್ಟ್ರಿಜ್. ಒಂದು ಕೆಂಪು, ಇನ್ನೊಂದು ಬಂಗಾರದ ಬಣ್ಣದ್ದು. ಕೆಂಪಿನ ಬೆನ್ನ ಮೇಲೆ ನನ್ನ ತಮ್ಮ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ: ‘ಮುಟ್ಟಬಾರದು’.

ಫೋಟೊ ತೆಗೆದು ಪುಣೆಯಲ್ಲಿರುವ ಅವನಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ವಿಡಿಯೊ ಕಾಲ್ ಬಂತು. ಕ್ಷೇಮ ಸಮಾಚಾರ ಏನೂ ಇಲ್ಲ.

“ಅಣ್ಣ, ಕೆಂಪಿನದು ಹಾಕಿ ನೋಡು. ‘ಕಂಟಿನ್ಯೂ’ ಅಂತ ಬರುತ್ತಾ?”

ಪೇಟೆಯಿಂದ ಎರಡು ಪೆನ್ಸಿಲ್ ಸೆಲ್ ತರಿಸಿ ಹಾಕಿದೆ. ಬಂಗಾರದ್ದರಲ್ಲಿ ಬಂದದ್ದು ‘ನ್ಯೂ ಗೇಮ್’ ಮಾತ್ರ. ಹಳೆಯದು ಏನೂ ಉಳಿದಿರಲಿಲ್ಲ. ಕೆಂಪಿನದು ಮೂರು ಸಲ ಖಾಲಿ ಪರದೆ ತೋರಿಸಿ, ನಾಲ್ಕನೇ ಸಲಕ್ಕೆ ಎದ್ದಿತು. ‘ಕಂಟಿನ್ಯೂ’ ಇತ್ತು. ಒತ್ತಿದರೆ ಆಟಗಾರನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ‘ಪುಟ್ಟ’, ಬ್ಯಾಡ್ಜ್ 8, ಆಡಿದ ಸಮಯ 187 ಗಂಟೆ.

ಆ 187 ಗಂಟೆಯ ಲೆಕ್ಕ ನಮ್ಮ ಮನೆಯವರಿಗೆಲ್ಲ ಗೊತ್ತು. ದುಬೈಯಲ್ಲಿದ್ದ ಸೋದರಮಾವ 2000ದ ಕೊನೆಯಲ್ಲಿ ಊರಿಗೆ ಬಂದಾಗ ತಂದುಕೊಟ್ಟ ಆಟ ಅದು, ಪೋಕೆಮಾನ್ ರೆಡ್. ಮುಂದಿನ ಬೇಸಿಗೆಯಲ್ಲಿ ತಮ್ಮನಿಗೆ ಕಾಮಾಲೆ ಆಯಿತು. ಬೆಳಿಗ್ಗೆ ನೆಲನೆಲ್ಲಿ ಕಷಾಯ, ಮಧ್ಯಾಹ್ನ ಗಂಜಿ, ಎಣ್ಣೆ ಖಾರ ಇಲ್ಲ, ಬಿಸಿಲಿಗೆ ಹೋಗುವಂತಿಲ್ಲ. ಹನ್ನೊಂದು ವರ್ಷದ ಹುಡುಗ ಎರಡು ತಿಂಗಳು ನಡುಮನೆಯ ಮಂಚದ ಮೇಲೆ ಆ ಪುಟ್ಟ ಪರದೆ ನೋಡುತ್ತಲೇ ಕಳೆದ.

“ಡಿಸೆಂಬರ್ ರಜೆಗೆ ಮಗನನ್ನ ಕರ್ಕೊಂಡು ನೋಯ್ಡಾಕ್ಕೆ ಬರ್ತೀನಿ. ಅವನಿಗೆ ತೋರಿಸ್ಬೇಕು. ಅಷ್ಟರೊಳಗೆ ಬ್ಯಾಟರಿ ಹಾಕ್ಸಿಡು, ಆದ್ರೆ ಸೇವ್ ಹೋಗ್ಬಾರ್ದು ನೋಡು” ಎಂದ ತಮ್ಮ.

ಬ್ಯಾಟರಿ ಹಾಕಿಸಬೇಕು, ಸೇವ್ ಹೋಗಬಾರದು. ಈ ಎರಡು ಮಾತು ಒಟ್ಟಿಗೆ ಹೋಗುವುದು ಎಷ್ಟು ಕಷ್ಟ ಎಂದು ದೆಹಲಿಗೆ ಮರಳಿದ ಮೇಲೆ ಗೊತ್ತಾಯಿತು.

ಬರೆದಿಟ್ಟದ್ದಲ್ಲ, ಹಿಡಿದಿಟ್ಟದ್ದು

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಹೆಚ್ಚಿನವರು ಆಡಿದ್ದು ‘ಮೀಡಿಯಾ’, ‘ಸಮುರಾಯ್’, ‘ಲಿಟಲ್ ಮಾಸ್ಟರ್’ ಎಂಬ ಹೆಸರಿನ ಟೀವಿ ಗೇಮುಗಳಲ್ಲಿ. ಮಾರಿಯೊ, ಕಾಂಟ್ರಾ ಆಡಿದ ನೆನಪು ಎಲ್ಲರಿಗೂ ಇದೆ. ಅಲ್ಲಿ ಉಳಿಸುವ ಮಾತೇ ಇರಲಿಲ್ಲ. ಏಳನೇ ಹಂತಕ್ಕೆ ಬಂದಾಗ ಕರೆಂಟ್ ಹೋದರೆ ಮತ್ತೆ ಒಂದರಿಂದಲೇ ಶುರು. ಊಟಕ್ಕೆ ಕರೆದರೆ ಗೇಮನ್ನು ನಿಲ್ಲಿಸಿ, ಟೀವಿ ಮಾತ್ರ ಆರಿಸಿ, ಅಪ್ಪ ಸ್ವಿಚ್ ಬೋರ್ಡಿನ ಕಡೆ ಹೋಗದಿರಲಿ ಎಂದು ಬೇಡಿಕೊಂಡವರು ಇದನ್ನು ಓದುತ್ತಿರುವವರಲ್ಲಿ ಕೆಲವರಾದರೂ ಇದ್ದೀರಿ.

ಆದರೆ ಅದೇ ಕಾಲದಲ್ಲಿ ಉಳಿಸಬಲ್ಲ ಕಾರ್ಟ್ರಿಜ್‌ಗಳೂ ಇದ್ದವು. ಅಮೆರಿಕದಲ್ಲಿ 1987ರಲ್ಲಿ ಬಂಗಾರದ ಬಣ್ಣದ ಪೆಟ್ಟಿಗೆಯಲ್ಲಿ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಅಂಥದ್ದು. ಅದರೊಳಗೆ ಒಂದು ಬಟನ್ ಸೆಲ್ ಇತ್ತು. ಆಟ ಮುಗಿಸುವಾಗ ರೀಸೆಟ್ ಗುಂಡಿಯನ್ನು ಒತ್ತಿಹಿಡಿದೇ ಪವರ್ ಆರಿಸಬೇಕೆಂಬ ಸೂಚನೆಯೂ ಇತ್ತು. ವಿದ್ಯುತ್ ಇಳಿಯುವ ಕ್ಷಣದಲ್ಲಿ ಪ್ರೊಸೆಸರ್ ತೋಚಿದ್ದನ್ನು ಬರೆದು ಸೇವ್ ಕೆಡಿಸದಿರಲಿ ಎಂದು ಆ ಎಚ್ಚರಿಕೆ.

ಒಂದು ಕಾರ್ಟ್ರಿಜ್ ಒಳಗೆ ಮುಖ್ಯವಾಗಿ ಎರಡು ಬಗೆಯ ಮೆಮೊರಿ ಇರುತ್ತದೆ. ಒಂದು ರಾಮ್ ಅಲ್ಲ, ರೋಮ್. ಆಟವೆಲ್ಲ ಅಲ್ಲಿದೆ. ಅದು ಕಾರ್ಖಾನೆಯಲ್ಲೇ ಅಚ್ಚಾದದ್ದು, ವಿದ್ಯುತ್ ಇರಲಿ ಬಿಡಲಿ ಅಳಿಯುವುದಿಲ್ಲ. ಇನ್ನೊಂದು ಎಸ್‌ರಾಮ್. ನೀವು ‘ಸೇವ್’ ಒತ್ತಿದಾಗ ನಿಮ್ಮ ಹೆಸರು, ನಿಮ್ಮ ಹಣ, ನೀವು ನಿಂತ ಜಾಗ ಹೋಗಿ ಕೂರುವುದು ಇಲ್ಲಿ. ಪೋಕೆಮಾನ್ ರೆಡ್‌ನಲ್ಲಿ ಇದರ ಅಳತೆ 32 ಕಿಲೊಬೈಟ್. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಶುಭೋದಯದ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ.

ಎಸ್‌ರಾಮ್‌ನ ಸ್ವಭಾವ ವಿಚಿತ್ರ. ಅದು ಪುಸ್ತಕದಲ್ಲಿ ಬರೆದಿಟ್ಟಂತೆ ಅಲ್ಲ, ಕೈಯಲ್ಲಿ ಹಿಡಿದುಕೊಂಡಂತೆ. ಪುಟ್ಟ ಪುಟ್ಟ ಟ್ರಾನ್ಸಿಸ್ಟರುಗಳು ಒಂದನ್ನೊಂದು ಹಿಡಿದು ‘ಸೊನ್ನೆ’ ಅಥವಾ ‘ಒಂದು’ ಎಂಬ ಸ್ಥಿತಿಯಲ್ಲಿ ನಿಂತಿರುತ್ತವೆ. ಹಾಗೆ ನಿಂತಿರಲು ವಿದ್ಯುತ್ತಿನ ಒಂದು ಸಣ್ಣ ಎಳೆ ಸದಾ ಹರಿಯುತ್ತಿರಬೇಕು. ಆಟ ಆನ್ ಇದ್ದಾಗ ಅದು ಗೇಮ್ ಬಾಯ್‌ನಿಂದ ಬರುತ್ತದೆ. ಆರಿಸಿದ ಕ್ಷಣದಿಂದ ಆ ಹೊಣೆ ಬೋರ್ಡಿನ ಮೇಲಿನ ಮೂರು ವೋಲ್ಟಿನ ಲಿಥಿಯಂ ಸೆಲ್ಲಿಗೆ. ನಮ್ಮ ಕೆಂಪು ಕಾರ್ಟ್ರಿಜ್‌ನಲ್ಲಿದ್ದದ್ದು ಸಿಆರ್1616. ಅಂದರೆ ಅಡ್ಡಳತೆ 16 ಮಿಲಿಮೀಟರ್, ದಪ್ಪ 1.6 ಮಿಲಿಮೀಟರ್. ಅದರ ಶಕ್ತಿ ಸುಮಾರು 50 ಮಿಲಿ ಆಂಪಿಯರ್ ಅವರ್. ಇಪ್ಪತ್ತು ವರ್ಷವೆಂದರೆ ಸುಮಾರು 1 ಲಕ್ಷ 75 ಸಾವಿರ ಗಂಟೆ. ಭಾಗಿಸಿ ನೋಡಿದರೆ ಗಂಟೆಗಂಟೆಗೂ ಅದು ಕೊಟ್ಟದ್ದು ಒಂದು ಮೈಕ್ರೊ ಆಂಪಿಯರ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಮಾಮೂಲಿ ಇಂಡಿಕೇಟರ್ ಎಲ್‌ಇಡಿ ಒಂದಕ್ಕೆ ಬೇಕಾಗುವುದು ಇದರ ಸಾವಿರಾರು ಪಟ್ಟು.

ಬಂಗಾರದ್ದು, ಅಂದರೆ ಪೋಕೆಮಾನ್ ಗೋಲ್ಡ್, ಮೊದಲೇ ಸತ್ತದ್ದೇಕೆ? ಅದು ಮಾವ 2002ರಲ್ಲಿ ತಂದದ್ದು, ಕೆಂಪಿಗಿಂತ ಹೊಸದು, ಒಳಗಿರುವ ಸೆಲ್ಲೂ ದೊಡ್ಡದು, ಸಿಆರ್2025. ಆದರೆ ಆ ಆಟದಲ್ಲಿ ನಿಜವಾದ ಗಡಿಯಾರ ಇದೆ. ಹೊರಗೆ ರಾತ್ರಿಯಾದರೆ ಆಟದಲ್ಲೂ ರಾತ್ರಿ. ಅದಕ್ಕಾಗಿ ಸೆಕೆಂಡಿಗೆ 32,768 ಸಲ ಮಿಡಿಯುವ ಹರಳೊಂದು, ಡಬ್ಬಿಯೊಳಗೆ ಕತ್ತಲಲ್ಲಿ ಯಾರೂ ಆಡದೆ ಬಿದ್ದಿದ್ದಾಗಲೂ, ಓಡುತ್ತಲೇ ಇರುತ್ತದೆ. ಗಡಿಯಾರವೂ ನೆನಪೂ ಒಂದೇ ಸೆಲ್ಲನ್ನು ಉಣ್ಣುತ್ತವೆ. ಹಾಗಾಗಿ ಗಡಿಯಾರವಿರುವ ಕಾರ್ಟ್ರಿಜ್‌ಗಳು ಬೇಗ ಖಾಲಿಯಾಗುತ್ತವೆ.

ಸಮಸ್ಯೆ ಈಗ ಅರ್ಥವಾಗಿರಬೇಕು. ಸೆಲ್ ಮುಗಿದರೆ ನೆನಪು ಹೋಗುತ್ತದೆ. ಮುಗಿಯುವ ಮೊದಲು ಬದಲಾಯಿಸಲು ಹೊರಟರೆ, ಹಳೆಯ ಸೆಲ್ ತೆಗೆದ ಕ್ಷಣದಲ್ಲೇ ಹೋಗುತ್ತದೆ.

ಪಾಲಿಕಾದಿಂದ ಲಾಜ್‌ಪತ್ ರಾಯ್‌ವರೆಗೆ

ದೆಹಲಿಯಲ್ಲಿ ವಿಡಿಯೊ ಗೇಮ್ ಎಂದರೆ ಮೊದಲು ನೆನಪಾಗುವುದು ಪಾಲಿಕಾ ಬಜಾರ್. ರಾಜೀವ್ ಚೌಕದಲ್ಲಿ ಮೆಟ್ರೊ ಇಳಿದು, ಮೇಲೆ ಬಂದು, ಮತ್ತೆ ನೆಲದೊಳಗೆ ಇಳಿಯಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ಕಟ್ಟಿದ ಈ ನೆಲಮಾಳಿಗೆಯ ಮಾರುಕಟ್ಟೆಯಲ್ಲಿ ಜೀನ್ಸ್ ಅಂಗಡಿಗಳ ನಡುವೆ ಗೇಮ್ ಅಂಗಡಿಗಳು ಇಂದಿಗೂ ಇವೆ. ನಾನು ಹೋದಾಗ ಪ್ಲೇಸ್ಟೇಷನ್ ಕಂಟ್ರೋಲರುಗಳು, ಸಾವಿರಾರು ಹಳೆಯ ಆಟ ತುಂಬಿಸಿ ಮಾರುವ ಚೀನಾ ಗೇಮುಗಳು ಕಂಡವು. ಅಂಗಡಿಯವನೊಬ್ಬ ನನ್ನ ಕಾರ್ಟ್ರಿಜ್ ಹಿಡಿದು ನೋಡಿ, ತನ್ನ ಬಾಲ್ಯ ನೆನಪಾದವನಂತೆ ನಕ್ಕ. “ಭಾಯಿ ಸಾಹಬ್, ಇದರಲ್ಲೇ ಎಲ್ಲ ಪೋಕೆಮಾನ್ ಇದೆ, ಒಯ್ಯಿರಿ” ಎಂದು ಹಿಂದಿಯಲ್ಲಿ ಹೇಳುತ್ತಾ ಒಂದು ಚೀನಾ ಗೇಮ್ ಮುಂದಿಟ್ಟ. ಸೇವ್ ಎಂದೆ. “ವೋ ತೋ ಜಾಯೇಗಾ ಹೀ.” ಅದಂತೂ ಹೋಗಿಯೇ ಹೋಗುತ್ತದೆ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಟ ಬೇಕಾದರೆ ಎಲ್ಲಿ ಬೇಕಾದರೂ ಸಿಗುತ್ತದೆ. ಲಕ್ಷಗಟ್ಟಲೆ ಕಾರ್ಟ್ರಿಜ್‌ಗಳಲ್ಲಿ ಆಟ ಒಂದೇ. ಆದರೆ ‘ಪುಟ್ಟ’ ಆಡಿದ 187 ಗಂಟೆ ಇರುವುದು ಈ ಒಂದರಲ್ಲಿ ಮಾತ್ರ.

ನೆಹರೂ ಪ್ಲೇಸ್‌ನಲ್ಲೂ ಕರೋಲ್ ಬಾಗ್‌ನ ಗಫ್ಫಾರ್ ಮಾರ್ಕೆಟ್‌ನಲ್ಲೂ ಕೇಳಿದೆ. ಮೊಬೈಲ್ ಬೋರ್ಡಿನಿಂದ ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗ ಬಿಚ್ಚಿ ಕೂರಿಸುವ ಕೈಗಳು ಅಲ್ಲಿವೆ. ಸೆಲ್ ಬದಲಾಯಿಸುವುದು ಅವರಿಗೆ ಐದು ನಿಮಿಷದ ಕೆಲಸ. ಡೇಟಾದ ಗ್ಯಾರಂಟಿ ಮಾತ್ರ ಯಾರೂ ಕೊಡಲಿಲ್ಲ. ಕೊಡದೆ ಇದ್ದದ್ದೇ ಅವರ ದೊಡ್ಡತನ ಎಂದು ಈಗ ಅನ್ನಿಸುತ್ತದೆ.

ಕೆಲಸ ನಾನೇ ಮಾಡಬೇಕೆಂದು ತೀರ್ಮಾನವಾಯಿತು. ಕಾಲೇಜಿನಲ್ಲಿ ಕಲಿತ ಸೋಲ್ಡರಿಂಗ್ ಕೈಯಲ್ಲಿತ್ತು. ಬೇಕಿದ್ದದ್ದು ಸರಿಯಾದ ಸೆಲ್. ಅದಕ್ಕೆ ಕೆಂಪುಕೋಟೆಯ ಎದುರಿನ ಲಾಜ್‌ಪತ್ ರಾಯ್ ಮಾರ್ಕೆಟ್. ದೇಶ ವಿಭಜನೆಯಾದಾಗ ಬಂದ ನಿರಾಶ್ರಿತರಿಗಾಗಿ ಹುಟ್ಟಿಕೊಂಡ ಆ ಮಾರುಕಟ್ಟೆ ಇವತ್ತು ಉತ್ತರ ಭಾರತದ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ದೊಡ್ಡ ಸಂತೆ. ಬೆಂಗಳೂರಿನ ಎಸ್.ಪಿ. ರಸ್ತೆ ಕಂಡವರಿಗೆ ಅಪರಿಚಿತ ಅನ್ನಿಸದು. ನೋಯ್ಡಾದಿಂದ ಬ್ಲೂ ಲೈನಿನಲ್ಲಿ ಮಂಡಿ ಹೌಸ್‌ವರೆಗೆ ಬಂದು, ಅಲ್ಲಿ ವಯಲೆಟ್ ಲೈನ್ ಹಿಡಿದರೆ ಲಾಲ್ ಕಿಲಾ ನಿಲ್ದಾಣ.

ಬಟನ್ ಸೆಲ್ ಬೇಕಾದಷ್ಟು ಸಿಕ್ಕವು. ಆದರೆ ಕಾರ್ಟ್ರಿಜ್‌ಗೆ ಬರೀ ಸೆಲ್ ಸಾಲದು, ಎರಡೂ ಕಡೆ ಲೋಹದ ಕಾಲು ಅಂಟಿಸಿದ ಸೆಲ್ ಬೇಕು. ಬರೀ ಸೆಲ್ಲಿಗೆ ನೇರವಾಗಿ ಸೋಲ್ಡರ್ ಹಿಡಿಯಬಾರದು. ಲಿಥಿಯಂ ಸೆಲ್ ಆ ಬಿಸಿಗೆ ಸೋರಬಹುದು, ಸಿಡಿಯಲೂಬಹುದು. ಕಾಲಿರುವ ಸಿಆರ್2032 ಕೆಲವರಲ್ಲಿತ್ತು. ನನ್ನ ಅಳತೆಯದು ಯಾರಲ್ಲೂ ಇರಲಿಲ್ಲ.

ದಾರಿ ತೋರಿಸಿದವನು ಗಲ್ಲಿಯೊಂದರಲ್ಲಿ ಸ್ಟೂಲ್ ಮೇಲೆ ಕುಳಿತು ಸ್ಪೀಕರುಗಳಿಗೆ ಬ್ಯಾಟರಿ ಪ್ಯಾಕ್ ಕಟ್ಟುತ್ತಿದ್ದ ಹುಡುಗ. ಅವನ ಮುಂದೆ ಸ್ಪಾಟ್ ವೆಲ್ಡಿಂಗ್ ಯಂತ್ರ ಇತ್ತು. ಕಾಲಿನಿಂದ ಪೆಡಲ್ ತುಳಿದರೆ ಚಿಟ್ ಎಂದು ಒಂದು ಕಿಡಿ, ನಿಕ್ಕಲ್ ಪಟ್ಟಿ ಸೆಲ್ಲಿಗೆ ಕಚ್ಚಿಕೊಳ್ಳುತ್ತದೆ. ಬಿಸಿ ಒಳಗೆ ಇಳಿಯುವಷ್ಟು ಹೊತ್ತೇ ಇಲ್ಲ. ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ. ನಾನು ಕೊಟ್ಟ ನಾಲ್ಕು ಸೆಲ್ಲಿಗೆ ಕಾಲು ಹಚ್ಚಿ, ಎಂಬತ್ತು ರೂಪಾಯಿ ತೆಗೆದುಕೊಂಡ. ಏತಕ್ಕೆ ಎಂದು ಕೇಳಿದ. ತಮ್ಮನ ಗೇಮ್ ಎಂದೆ. ಒಂದು ಸೆಲ್ಲಿನ ಕಾಲನ್ನು ಎಳೆದು ನೋಡಿ, ಅದಕ್ಕೆ ಇನ್ನೆರಡು ಕಿಡಿ ಹೆಚ್ಚು ಕೊಟ್ಟ.

ನಾನು ಕಳೆದದ್ದು

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಮೊದಲು ಬಿಚ್ಚಿದ್ದು ತಮ್ಮನ ಕಾರ್ಟ್ರಿಜ್ ಅಲ್ಲ.

ನವೆಂಬರಿನಲ್ಲಿ ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘಕ್ಕೆ ಕಾರ್ಯಕ್ರಮಕ್ಕೆಂದು ಹೋಗಿದ್ದಾಗ, ಊಟದ ಸಾಲಿನಲ್ಲಿ ಈ ವಿಷಯ ಬಂತು. ಪರಿಚಯದ ಹಿರಿಯರೊಬ್ಬರು, “ನನ್ನ ಹತ್ರನೂ ಒಂದಿದೆ, ನೋಡ್ತೀರಾ?” ಎಂದರು. 1995ರಲ್ಲಿ ಸಿಂಗಪುರದಲ್ಲಿ ಮೊದಲ ಸಂಬಳದಲ್ಲಿ ಕೊಂಡದ್ದಂತೆ. ಜೆಲ್ಡಾ ಸರಣಿಯ ‘ಲಿಂಕ್ಸ್ ಅವೇಕನಿಂಗ್’. ಮೂರು ಸೇವ್ ಇಡಬಹುದಾದ ಆಟ. ಒಂದು ಅವರದು, ಒಂದು ಅವರ ರೂಮ್‌ಮೇಟ್‌ನದು, ಮೂರನೆಯದು ಮದುವೆಯಾದ ಹೊಸತರಲ್ಲಿ ಅವರ ಮನೆಯವರು ಆಡಿದ್ದು. ಮೂರೂ ಜೀವಂತವಾಗಿದ್ದವು.

ಹಳೆಯ ಸೆಲ್ ತೆಗೆಯುವ ಮುನ್ನ, ಹೊರಗಿನಿಂದ ಎರಡು ಪೆನ್ಸಿಲ್ ಸೆಲ್ ಜೋಡಿಸಿ ಮೂರು ವೋಲ್ಟ್ ಕೊಡುತ್ತಾ, ನೆನಪು ಆರದಂತೆ ನೋಡಿಕೊಂಡು ಹೊಸದನ್ನು ಕೂರಿಸುವ ಉಪಾಯ ಒಂದಿದೆ. ಆಸ್ಪತ್ರೆಯಲ್ಲಿ ಒಂದು ಡ್ರಿಪ್ ಬಾಟಲಿ ತೆಗೆದು ಇನ್ನೊಂದು ಹಾಕಿದ ಹಾಗೆ. ನಾನು ಹಾಗೇ ಮಾಡಿದೆ. ಹಳೆಯ ಸೆಲ್ ಬಂತು. ಹೊಸದನ್ನು ಇಡುವಾಗ ಕೈ ತಾಗಿ ಹೊರಗಿನ ತಂತಿಯ ಒಂದು ತುದಿ ಕಳಚಿತ್ತು. ಅದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಅರ್ಧ ನಿಮಿಷ ಕಳೆದಿರಬೇಕು. ಎಲ್ಲ ಮುಗಿಸಿ ಗೇಮ್ ಬಾಯ್‌ಗೆ ಹಾಕಿದರೆ ಮೂರು ಹೆಸರಿನ ಜಾಗವೂ ಖಾಲಿ.

ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, “ಇರ್ಲಿ ಬಿಡಿ, ಬ್ಯಾಟರಿ ಹೊಸದಾಯ್ತಲ್ಲ. ಮತ್ತೆ ಆಡ್ತೀನಿ” ಎಂದರು. ಅವರ ರೂಮ್‌ಮೇಟ್ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದು ನನಗೆ ಗೊತ್ತಾದದ್ದು ಆಮೇಲೆ, ಇನ್ನೊಬ್ಬರಿಂದ. ಕೆಲಸ ಶುರುಮಾಡುವ ಮೊದಲು ಅದರಲ್ಲಿ ಏನಿದೆ, ಯಾರದು ಎಂದು ನಾನು ಕೇಳಿರಲಿಲ್ಲ. ಗಟ್ಟಿ ದಾರಿ ಇನ್ನೊಂದಿದೆಯೇ ಎಂದು ಹುಡುಕಿರಲೂ ಇಲ್ಲ.

ಮೊದಲು ನಕಲು, ಆಮೇಲೆ ಸ್ಕ್ರೂ

ಗಟ್ಟಿ ದಾರಿ ಇತ್ತು. ಕಾರ್ಟ್ರಿಜ್ ಅನ್ನು ಕಂಪ್ಯೂಟರಿಗೆ ಜೋಡಿಸಿ ಓದುವ ಸಣ್ಣ ಸಾಧನಗಳಿವೆ. ಆಸ್ಟ್ರೇಲಿಯಾದ ಇನ್‌ಸೈಡ್‌ಗ್ಯಾಜೆಟ್ಸ್‌ನವರ ‘ಜಿಬಿಎಕ್ಸ್‌ಕಾರ್ಟ್’ ಗೇಮ್ ಬಾಯ್ ಆಡುವವರಲ್ಲಿ ಹೆಸರುವಾಸಿ. ಆರ್ಡುಯಿನೊ ಬೋರ್ಡ್ ಬಳಸಿ ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ. ಯುಎಸ್‌ಬಿ ತಂತಿ ಚುಚ್ಚಿ, ಕಾರ್ಟ್ರಿಜ್ ಸಿಕ್ಕಿಸಿದರೆ, ಸೇವ್ ಪೂರ್ತಿ ಒಂದು ಫೈಲಾಗಿ ಕಂಪ್ಯೂಟರಿಗೆ ಬರುತ್ತದೆ. ಸೆಲ್ ಬದಲಾಯಿಸಿದ ಮೇಲೆ ಅದೇ ಫೈಲನ್ನು ಮರಳಿ ಬರೆಯಬಹುದು. ಬಿಚ್ಚುವುದಕ್ಕೆ ಮೊದಲೇ ನೆನಪು ಸುರಕ್ಷಿತ.

ನನ್ನ ಆಫೀಸಿನ ಹುಡುಗನೊಬ್ಬನ ಬಳಿ ಅದು ಇತ್ತು. ಎರಡು ಮೇಜಿನಾಚೆ ಕೂರುವವನು. ಇಷ್ಟು ದಿನ ಕೇಳಿರಲಿಲ್ಲ, ಅಷ್ಟೆ.

ಓದುವ ಮೊದಲು ಕಾರ್ಟ್ರಿಜ್‌ನ ತುದಿ ಚೊಕ್ಕವಾಗಬೇಕು. ಮಲೆನಾಡಿನ ಇಪ್ಪತ್ತನಾಲ್ಕು ಮಳೆಗಾಲ ಕಂಡ ಡಬ್ಬಿ ಅದು. ಸಂಪರ್ಕದ ಪಟ್ಟಿಗಳ ಅಂಚಿನಲ್ಲಿ ಕಿಲುಬು ಹಿಡಿದಿತ್ತು. ಚಿಕ್ಕಂದಿನಲ್ಲಿ ನಾವೆಲ್ಲ ಬಾಯಿಂದ ಊದುತ್ತಿದ್ದೆವಲ್ಲ, ಅದು ಮಾಡಬಾರದ ಕೆಲಸ. ಉಸಿರಿನ ತೇವ ಲೋಹಕ್ಕೆ ಶತ್ರು. ಊದಿದಾಗ ಸರಿಹೋಗುತ್ತಿದ್ದದ್ದು ಹೆಚ್ಚಾಗಿ ತೆಗೆದು ಮತ್ತೆ ಹಾಕಿದ್ದರಿಂದ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಇಯರ್ ಬಡ್ ಅದ್ದಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಟ್ಟೆ.

ಇನ್ನೊಂದು ಎಚ್ಚರಿಕೆ ದೆಹಲಿಯದೇ. ನಮ್ಮೂರಿನ ತೇವದಲ್ಲಿ ಗೊತ್ತೇ ಆಗದ ವಿಷಯ. ಡಿಸೆಂಬರಿನ ಒಣ ಗಾಳಿಯಲ್ಲಿ ಸ್ವೆಟರ್ ತೆಗೆದರೆ ಚಟಪಟ ಕಿಡಿ ಹಾರುತ್ತದೆ. ಬಾಗಿಲ ಹಿಡಿಕೆ ಮುಟ್ಟಿದರೆ ಬೆರಳಿಗೆ ಚುಚ್ಚುತ್ತದೆ. ನಮಗೆ ಚುರ್ರೆನ್ನುವ ಆ ಕಿಡಿ ಇಂಥ ಚಿಪ್ಪುಗಳಿಗೆ ಸಾವು. ಉಣ್ಣೆ ಬಟ್ಟೆ ತೆಗೆದಿಟ್ಟು, ಕೈಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು, ಹತ್ತಿಯ ಅಂಗಿಯಲ್ಲಿ ನಡುಗುತ್ತಾ ಕೂತೆ.

ಸೇವ್ ಅನ್ನು ಒಂದಲ್ಲ, ನಾಲ್ಕು ಸಲ ಓದಿಸಿದೆ. ಮೊದಲ ಫೈಲಿಗೂ ಎರಡನೆಯದಕ್ಕೂ ಅಲ್ಲಲ್ಲಿ ವ್ಯತ್ಯಾಸ. ತುದಿ ಇನ್ನೂ ಚೊಕ್ಕವಾಗಿಲ್ಲ ಎಂದರ್ಥ. ಮತ್ತೆ ಒರೆಸಿ ಓದಿದಾಗ ಎರಡು, ಮೂರು, ನಾಲ್ಕನೇ ಫೈಲುಗಳು ಅಕ್ಷರಕ್ಕೆ ಅಕ್ಷರ ಒಂದೇ ಆದವು. ಒಂದೇ ಸಲ ಓದಿ ಸಾಕೆಂದಿದ್ದರೆ ಕೆಟ್ಟ ನಕಲನ್ನೇ ನಂಬಿ ಮೂಲವನ್ನು ಅಳಿಸುತ್ತಿದ್ದೆ. ಆಮೇಲೆ ಆ ಫೈಲನ್ನು ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ತೆರೆದೆ.

ಆಗಲೇ ನಾನು ಮೊದಲ ಸಲ ತಮ್ಮನ ಆಟವನ್ನು ಒಳಹೊಕ್ಕು ನೋಡಿದ್ದು. ಶುರುವಿನಲ್ಲಿ ಆಟಗಾರ ತನ್ನ ಹೆಸರಿನ ಜೊತೆ ತನ್ನ ಎದುರಾಳಿಯ ಹೆಸರನ್ನೂ ಇಡಬೇಕು. ಎದುರಾಳಿಗೆ ಅವನಿಟ್ಟ ಹೆಸರು ‘ಅಣ್ಣ’. ಪ್ರತಿ ಊರಿನಲ್ಲೂ ಅಡ್ಡ ಬಂದು ಜಂಬ ಕೊಚ್ಚಿ ಸೋತು ಹೋಗುವ ಪಾತ್ರ ಅದು. ಅವನ ಪ್ರಾಣಿಗಳಿಗೂ ಮನೆಯ ಹೆಸರುಗಳೇ. ಬೆಂಕಿ ಉಗುಳುವ ಚಾರಿಜಾರ್ಡ್ ‘ಜಟಾಯು’. ಕೊಟ್ಟಿಗೆಯ ಹಸು ಗೌರಿಯ ಹೆಸರು ಟಾರಸ್‌ಗೆ, ಅದು ಗೂಳಿ ಎಂಬುದನ್ನು ಲೆಕ್ಕಿಸದೆ. ಮತ್ತು ಸ್ನಾರ್ಲ್ಯಾಕ್ಸ್. ದಾರಿಗೆ ಅಡ್ಡಲಾಗಿ ಮಲಗಿ ಗೊರಕೆ ಹೊಡೆಯುವ ದಪ್ಪ ಪ್ರಾಣಿ, ಕೊಳಲು ಊದಿದರೆ ಮಾತ್ರ ಏಳುವಂಥದ್ದು. ಅದರ ಹೆಸರು ‘ದೊಡ್ಡಪ್ಪ’.

ನಮ್ಮ ದೊಡ್ಡಪ್ಪ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಬಾಗಿಲಿಗೆ ಅಡ್ಡಲಾಗಿ ಆರಾಮ ಕುರ್ಚಿ ಹಾಕಿ ಮಲಗುತ್ತಿದ್ದರು. ನಾಲ್ಕರವರೆಗೆ ಮಕ್ಕಳು ಯಾರೂ ಆ ದಾರಿಯಲ್ಲಿ ಓಡಾಡುವಂತಿಲ್ಲ. ಆಡಲು ಹೋಗಬೇಕಾದರೆ ಹಿತ್ತಲಿಂದ ಇಳಿದು ಕೊಟ್ಟಿಗೆ ಸುತ್ತಿಕೊಂಡು ಹೋಗಬೇಕು. ಅವರು ಹೋದದ್ದು 2009ರಲ್ಲಿ. ಮನೆಯಲ್ಲಿ ಅವರ ಫೋಟೊ ಇವೆ, ಮದುವೆ ಮುಂಜಿಯಲ್ಲಿ ಶಾಲು ಹೊದ್ದು ನಿಂತದ್ದು. ಆ ಕುರ್ಚಿಯಲ್ಲಿ ಮಲಗಿದ್ದು ಒಂದೂ ಇಲ್ಲ.

ಫೈಲನ್ನು ಮೂರು ಕಡೆ ಇಟ್ಟೆ. ಲ್ಯಾಪ್‌ಟಾಪ್, ಪೆನ್‌ಡ್ರೈವ್, ತಮ್ಮನ ಮೇಲ್. ಆಮೇಲಷ್ಟೇ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡದ್ದು. ಇದಕ್ಕೆ ಮಾಮೂಲಿ ಸ್ಕ್ರೂಡ್ರೈವರ್ ಆಗದು, 3.8 ಮಿಲಿಮೀಟರ್‌ನ ಗೇಮ್‌ಬಿಟ್ ಎಂಬ ವಿಶೇಷ ತುದಿ ಬೇಕು. ಒಳಗಿನ ಸೆಲ್ ಮಲ್ಟಿಮೀಟರಿನಲ್ಲಿ ತೋರಿಸಿದ್ದು 2.6 ವೋಲ್ಟ್. ಹೊಸದಾಗಿದ್ದಾಗ ಮೂರಕ್ಕೂ ಮೇಲಿರುತ್ತದೆ. ಎರಡರ ಹತ್ತಿರ ಬಂದರೆ ನೆನಪು ನಿಲ್ಲುವ ಭರವಸೆ ಇಲ್ಲ. ಇನ್ನೆಷ್ಟು ತಿಂಗಳು ತಡೆಯುತ್ತಿತ್ತೋ.

ಉಳಿದದ್ದು ಹತ್ತು ನಿಮಿಷದ ಕೆಲಸ. ಹಳೆಯ ಕಾಲುಗಳ ಸೋಲ್ಡರ್ ಕರಗಿಸಿ ಎತ್ತಿದೆ. ತಾಮ್ರದ ಜಾಲಿಯಿಂದ ಹಳೆಯ ಸೀಸ ಹೀರಿಸಿದೆ. ಬೋರ್ಡಿನ ಮೇಲಿನ ಪ್ಲಸ್ ಮೈನಸ್ ಗುರುತು ಎರಡು ಸಲ ನೋಡಿ ಹೊಸ ಸೆಲ್ ಕೂರಿಸಿದೆ. ಹಾಕಿ ನೋಡಿದರೆ ನಿರೀಕ್ಷಿಸಿದಂತೆ ‘ನ್ಯೂ ಗೇಮ್’ ಮಾತ್ರ. ಗೊತ್ತಿದ್ದೂ ಎದೆ ಧಸಕ್ಕೆಂದಿತು. ಫೈಲನ್ನು ಮರಳಿ ಬರೆದೆ. ಆರಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಹಾಕಿದೆ. ‘ಕಂಟಿನ್ಯೂ’. ‘ಪುಟ್ಟ’. 187 ಗಂಟೆ.

ನಿಮ್ಮ ಅಟ್ಟದಲ್ಲಿ ಏನಿದೆ?

ಎಲ್ಲ ಹಳೆಯ ಗೇಮಿಗೂ ಈ ಕಷ್ಟ ಇಲ್ಲ. ಪ್ಲೇಸ್ಟೇಷನ್ ಒಂದು ಮತ್ತು ಎರಡರ ಮೆಮೊರಿ ಕಾರ್ಡಿನಲ್ಲಿ ಸೆಲ್ ಇರುವುದಿಲ್ಲ. ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ರೂಬಿ, ಸಫೈರ್‌ಗಳಲ್ಲಿ ಸೆಲ್ ಗಡಿಯಾರಕ್ಕೆ ಮಾತ್ರ. ಬ್ಯಾಟರಿ ಮುಗಿದಿದೆ ಎಂದು ಪರದೆ ಹೆದರಿಸಿದರೂ ಸೇವ್ ಫ್ಲ್ಯಾಶ್ ಮೆಮೊರಿಯಲ್ಲಿ ಭದ್ರ. ಸೆಗಾದ ‘ಸೋನಿಕ್ 3’ 1994ರಲ್ಲೇ ಬ್ಯಾಟರಿ ಬೇಡದ ಫೆರೋಎಲೆಕ್ಟ್ರಿಕ್ ಮೆಮೊರಿ ಬಳಸಿತ್ತು. ಆತುರ ಮಾಡಬೇಕಾದದ್ದು ಮೊದಲ ಎರಡು ತಲೆಮಾರಿನ ಪೋಕೆಮಾನ್, ಗೇಮ್ ಬಾಯ್‌ನ ಜೆಲ್ಡಾ ಇಂಥವಕ್ಕೆ. ಬಿಚ್ಚಿದಾಗ ಚಿಪ್ಪಿನ ಬದಲು ಕರಿ ಅಂಟಿನ ಉಂಡೆ ಕಂಡರೆ ಅದು ಹೆಚ್ಚಾಗಿ ನಕಲಿ ಕಾರ್ಟ್ರಿಜ್. ಅದರಲ್ಲಿ ಸೆಲ್ ಇರಬಹುದು, ಇಲ್ಲದೆಯೂ ಇರಬಹುದು.

ಅಂಗಡಿಗೆ ಕೊಡುವುದಾದರೆ ಕೇಳಬೇಕಾದ ಪ್ರಶ್ನೆ ಒಂದೇ: “ಸೇವ್ ಮೊದಲೇ ನಕಲು ತೆಗೆಯುತ್ತೀರಾ?” ಇಲ್ಲವೆಂದರೆ ವಾಪಸ್ ತನ್ನಿ. ತೆಗೆದ ಹಳೆಯ ಸೆಲ್ಲಿಗೆ ಎರಡೂ ಬದಿ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಇ-ತ್ಯಾಜ್ಯಕ್ಕೆ ಕೊಡಿ. ಬಟನ್ ಸೆಲ್ ನುಂಗಿದ ಮಗುವಿನ ಅನ್ನನಾಳ ಎರಡೇ ಗಂಟೆಯಲ್ಲಿ ಸುಟ್ಟುಹೋಗಬಹುದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಡಿಸೆಂಬರ್ ಕೊನೆಯ ವಾರ, ಮಂಜಿನಿಂದಾಗಿ ಐದು ಗಂಟೆ ತಡವಾಗಿ ತಮ್ಮನ ಸಂಸಾರ ಬಂದಿಳಿಯಿತು. ಒಂಬತ್ತು ವರ್ಷದ ಹುಡುಗ ಶೂ ಬಿಚ್ಚುವ ಮೊದಲೇ ಗೇಮ್ ಕೇಳಿದ. ‘ಮುಟ್ಟಬಾರದು’ ಎಂದು ಬರೆದದ್ದನ್ನು ಅವನಪ್ಪನೇ ಅವನ ಕೈಗಿತ್ತ. ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ಜೋರು ನಗು.

“ದೊಡ್ಡಪ್ಪಾ, ಇದ್ರಲ್ಲಿ ನೀವಿದೀರಿ! ನೀವು ಇಷ್ಟು ದಪ್ಪ ಇದ್ರಾ?”

“ಅದು ನಾನಲ್ಲ ಮಗಾ. ನಾನು ಆ ಎದುರಾಳಿ ‘ಅಣ್ಣ’. ಇವರು ನನ್ನ ದೊಡ್ಡಪ್ಪ, ನಿಮ್ಮಪ್ಪನಿಗೂ ದೊಡ್ಡಪ್ಪ.”

ಕುರ್ಚಿಯ ಕಥೆ ಹೇಳಿದೆವು, ಅಣ್ಣ ತಮ್ಮ ಇಬ್ಬರೂ ಸೇರಿ. ಕೊಟ್ಟಿಗೆ ಸುತ್ತಿ ಹೋಗುತ್ತಿದ್ದದ್ದು, ಒಮ್ಮೆ ಕ್ರಿಕೆಟ್ ಚೆಂಡು ಅವರ ಹೊಟ್ಟೆಯ ಮೇಲೆ ಬಿದ್ದದ್ದು.

“ಅವರನ್ನ ಎಬ್ಬಿಸೋಕೂ ಕೊಳಲು ಊದ್ಬೇಕಿತ್ತಾ?”

“ಬೇಡ. ನಾಲ್ಕು ಗಂಟೆಗೆ ಒಳಗೆ ಕಾಫಿ ಲೋಟದ ಸದ್ದಾದ್ರೆ ಸಾಕು, ತಾವೇ ಏಳ್ತಿದ್ರು” ಎಂದ ತಮ್ಮ.

ಹುಡುಗ ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡಿ, ಮತ್ತೆ ಆಡಲು ಶುರುಮಾಡಿದ. ಊಟಕ್ಕೆ ಕರೆದಾಗ ತಲೆ ಎತ್ತಿದ.

“ಸೇವ್ ಮಾಡ್ಲಾ?”

ತಮ್ಮ ನನ್ನ ಮುಖ ನೋಡಿದ. ನಕಲು ಮೂರು ಕಡೆ ಇದೆಯಲ್ಲ.

“ಮಾಡು” ಎಂದೆ.